ಟ್ರಾಫಿಕ್‌ನಲ್ಲಿ ಆಟೋಮ್ಯಾಟಿಕ್ ಕಾರು ಜಗ್ಗುತ್ತದೆ, ಗೇರ್‌ಬಾಕ್ಸ್ ಕೆಟ್ಟಿದೆಯೇ?

ಪ್ರಶ್ನೆ: ನನ್ನ ಆಟೋಮ್ಯಾಟಿಕ್ ಕಾರಿಗೆ ಐದು ವರ್ಷವಾಗಿದೆ. ಸಿಗ್ನಲ್ ಬಿಟ್ಟು ಹೊರಡುವಾಗ ಮುಂದಕ್ಕೆ ತಳ್ಳಿದಂತೆ ಜಗ್ಗುತ್ತದೆ. ಗೇರ್‌ಬಾಕ್ಸ್ ಬಿಚ್ಚಿಸಬೇಕೇ?

ಬಿಚ್ಚಿಸುವ ಮಾತು ಆಮೇಲಿರಲಿ. ನಿಮ್ಮ ಕಾರಿನಲ್ಲಿರುವುದು ಯಾವ ಬಗೆಯ ಗೇರ್‌ಬಾಕ್ಸ್ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕ್ಲಚ್ ಪೆಡಲ್ ಇಲ್ಲದ ಕಾರನ್ನೆಲ್ಲ ನಾವು ಆಟೋಮ್ಯಾಟಿಕ್ ಎಂದೇ ಕರೆಯುತ್ತೇವಾದರೂ ಎಎಂಟಿ (ತಾನೇ ಗೇರ್ ಬದಲಿಸುವ ಮ್ಯಾನುಯಲ್), ಡಿಸಿಟಿ (ಎರಡು ಕ್ಲಚ್ಚಿನದು), ಸಿವಿಟಿ (ಗೇರುಗಳ ಬದಲು ಬೆಲ್ಟ್ ಇರುವುದು), ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವುದು) ಇವುಗಳ ಒಳಗಿನ ಕೆಲಸ ಬೇರೆಬೇರೆ, ಮತ್ತು ಒಂದರಲ್ಲಿ ಸಹಜವಾಗಿರುವ ಜಗ್ಗಾಟ ಇನ್ನೊಂದರಲ್ಲಿ ರೋಗದ ಲಕ್ಷಣವಾಗಿರುತ್ತದೆ.

2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮ ಮಾರುಕಟ್ಟೆಗೆ ಬಂದ ಎಎಂಟಿ ನಿಜಕ್ಕೂ ಮ್ಯಾನುಯಲ್ ಗೇರ್‌ಬಾಕ್ಸೇ. ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ. ಗೇರ್ ಬದಲಾಗುವ ಕ್ಷಣದಲ್ಲಿ ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪುವುದು ನಿಲ್ಲುವುದರಿಂದ ತಲೆ ತೂಗುವಷ್ಟು ಜಗ್ಗಾಟ ಹೊಸ ಕಾರಿನಲ್ಲೂ ಇರುತ್ತದೆ. ಅದು ಮೊದಲಿಗಿಂತ ಈಗ ಹೆಚ್ಚಿದೆ ಎಂದಾದರೆ ಕ್ಲಚ್ ಸವೆದಿರಬಹುದು. ಕೆಲವೊಮ್ಮೆ ಕ್ಲಚ್ ಹಿಡಿಯುವ ಬಿಂದುವನ್ನು ವರ್ಕ್‌ಶಾಪ್‌ನ ಸ್ಕ್ಯಾನರ್ ಮೂಲಕ ಮತ್ತೆ ಹೊಂದಿಸಿದರೆ ಸಾಕಾಗುತ್ತದೆ. ಫ್ಲೈಓವರ್ ಏರಿನಲ್ಲಿ ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನು ಅರ್ಧ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಬಹಳ ಜನರಿಗಿದೆ. ಆಗ ಕ್ಲಚ್ ಜಾರುತ್ತಾ ಬಿಸಿಯಾಗುತ್ತದೆ, ಎರಡು ನಿಮಿಷದಲ್ಲಿ ಸುಟ್ಟ ವಾಸನೆ ಕ್ಯಾಬಿನ್ನಿಗೂ ಬರುತ್ತದೆ. ಡ್ರೈ ಕ್ಲಚ್ ಇರುವ ಡಿಸಿಟಿಗೂ ಇದೇ ಶತ್ರು. ಅದರಲ್ಲಿ ಕ್ಲಚ್ಚುಗಳು ಎರಡಿದ್ದರೂ ತಂಪು ಮಾಡಲು ಎಣ್ಣೆಯಿಲ್ಲ. ಆದ್ದರಿಂದ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ಇಂಚಿಂಚಾಗಿ ತೆವಳುವುದಕ್ಕಿಂತ, ಮುಂದೆ ಜಾಗ ಬಿಟ್ಟು ಒಮ್ಮೆಗೇ ಸಾಗುವುದು ಒಳ್ಳೆಯದು, ಹಿಂದಿನವರು ಹಾರನ್ ಹೊಡೆದರೂ ಸರಿ.

ಟಾರ್ಕ್ ಕನ್ವರ್ಟರ್‌ನಲ್ಲಿ ಹೊರಡುವಾಗ ಜಗ್ಗುವುದು ಸಹಜವಲ್ಲ. ಡಿ (ಮುಂದಕ್ಕೆ) ಅಥವಾ ಆರ್‌ಗೆ (ಹಿಂದಕ್ಕೆ) ಹಾಕಿದ ಮೇಲೆ ಎರಡು ಸೆಕೆಂಡ್ ತಡೆದು ದಢಕ್ಕೆಂದು ಹಿಡಿದರೆ ಆಯಿಲ್ ಕಡಿಮೆಯಾಗಿದೆಯೇ, ವಾಲ್ವ್ ಬಾಡಿಯ (ಗೇರ್‌ಬಾಕ್ಸ್ ಒಳಗೆ ಆಯಿಲ್ ಹರಿವನ್ನು ನಿಯಂತ್ರಿಸುವ ಭಾಗ) ಸೊಲೆನಾಯ್ಡ್, ಅಂದರೆ ವಿದ್ಯುತ್ ವಾಲ್ವ್, ಸಿಕ್ಕಿಹಾಕಿಕೊಳ್ಳುತ್ತಿದೆಯೇ ಎಂದು ನೋಡಿಸಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ರಂಬಲ್ ಸ್ಟ್ರಿಪ್ ಮೇಲೆ ಓಡಿದಂತೆ ಕಾರು ನಡುಗಿದರೆ ಮೊದಲ ಅನುಮಾನ ಲಾಕ್‌ಅಪ್ ಕ್ಲಚ್ (ಎಂಜಿನ್ ಮತ್ತು ಗೇರ್‌ಬಾಕ್ಸನ್ನು ನೇರವಾಗಿ ಜೋಡಿಸುವ ಕ್ಲಚ್) ಮತ್ತು ಹಳೆಯ ಆಯಿಲ್ ಮೇಲೆ. ಸಿವಿಟಿಯಲ್ಲಿ ಎಂಜಿನ್ ಕೂಗುತ್ತಾ ಕಾರು ನಿಧಾನವಾಗಿ ವೇಗ ಹಿಡಿಯುವುದು ಅದರ ಸ್ವಭಾವ. ಜಗ್ಗುವುದು, ನಡುಗುವುದು ಮಾತ್ರ ದೋಷ.

‘ಗೇರ್ ಆಯಿಲ್ ಜೀವಮಾನಕ್ಕೆ ಸಾಕು’ ಎಂಬ ಮಾತನ್ನು ನಾನು ನಂಬುವುದಿಲ್ಲ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್ ನಡುವೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಿಸಲು ಹೇಳುತ್ತದೆ. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡಿ: ಕಪ್ಪುಗಂದು ಬಣ್ಣ, ಸೀದ ವಾಸನೆ ಇದ್ದರೆ ಕ್ಲಚ್ ಪ್ಲೇಟುಗಳು ಸುಡುತ್ತಿವೆ, ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಹಲವು ಗೇರ್‌ಬಾಕ್ಸ್‌ಗಳಿಗೆ ಡಿಪ್‌ಸ್ಟಿಕ್ಕೇ ಇರುವುದಿಲ್ಲವಾದ್ದರಿಂದ ಆ ಹನಿಯನ್ನು ವರ್ಕ್‌ಶಾಪ್‌ನಲ್ಲೇ ತೆಗೆಸಬೇಕು, ಹೊಸ ಆಯಿಲ್ ತುಂಬುವಾಗ ಡಬ್ಬಿಯ ಮೇಲಿನ ಗ್ರೇಡ್ ನಿಮ್ಮ ಕಾರಿನ ಕೈಪಿಡಿಯಲ್ಲಿರುವುದೇ ಎಂದು ನಿಂತು ನೋಡಬೇಕು. ಸಿವಿಟಿಗೆ ಸಾಮಾನ್ಯ ಎಟಿಎಫ್ (ಇತರ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳ ಆಯಿಲ್) ಸುರಿದರೆ ಬೆಲ್ಟ್ ಜಾರುತ್ತದೆ, ಬಿಚ್ಚಿಸುವ ಪ್ರಸಂಗ ಆಗ ತಪ್ಪುವುದಿಲ್ಲ.