ಶಟಲ್ ಕಾಕ್ ತರ ಇಳಿದ ರಾಕೆಟ್ ವಿಮಾನ

ಮೊನ್ನೆ ನಮ್ಮ ಚಿತ್ರದುರ್ಗದ ಓದೋ ಗುಂಪಿನಲ್ಲಿ ಅರ್ಧ ಗಂಟೆ ವಾದ ಆಯಿತು. ಖಾಸಗಿ ದುಡ್ಡಿನ ಮೊದಲ ಮಾನವ ಬಾಹ್ಯಾಕಾಶ ಯಾನ ಯಾವುದು? ಕೆಲವರು 2001ರಲ್ಲಿ ಹೋದ ಅಮೆರಿಕದ ಉದ್ಯಮಿ ಡೆನ್ನಿಸ್ ಟಿಟೊ ಎಂದರು. ಟಿಟೊ ಸ್ವಂತ ದುಡ್ಡು ಕೊಟ್ಟಿದ್ದು ನಿಜ, ಆದರೆ ಹತ್ತಿದ್ದು ರಷ್ಯಾ ಸರ್ಕಾರದ ಸೋಯುಜ್ ನೌಕೆ. ಕೆಂಪು ಬಸ್ಸಿಗೆ ಟಿಕೆಟ್ ತಗೊಂಡರೆ ಬಸ್ಸು ನಮ್ಮದಾಗುತ್ತಾ?

ವಾಹನವನ್ನೂ ಖಾಸಗಿ ದುಡ್ಡಲ್ಲೇ ಕಟ್ಟಿ ಹಾರಿಸಿದ್ದು ಸ್ಪೇಸ್‌ಶಿಪ್‌ಒನ್. 2004ರ ಜೂನ್ 21, ಅಮೆರಿಕದ ಮೊಹಾವಿ ಮರುಭೂಮಿ. ಪೈಲಟ್ ಮೈಕ್ ಮೆಲ್ವಿಲ್, ವಿನ್ಯಾಸ ಬರ್ಟ್ ರುಟಾನ್, ದುಡ್ಡು ಹಾಕಿದ್ದು ಮೈಕ್ರೋಸಾಫ್ಟ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಪಾಲ್ ಆಲೆನ್. ಬಾಹ್ಯಾಕಾಶ ಶುರು ಎಂದು ಲೆಕ್ಕ ಹಿಡಿಯುವ 100 ಕಿ.ಮೀ. ಎತ್ತರದ ಗೆರೆಯನ್ನು ಕೂದಲೆಳೆಯಷ್ಟೇ ದಾಟಿತು. ನಮ್ಮೂರಿಂದ ರಾಣೆಬೆನ್ನೂರು ಹೆಚ್ಚೂಕಮ್ಮಿ ಅಷ್ಟೇ ದೂರ, ಇದು ನೆಟ್ಟಗೆ ಮೇಲಕ್ಕೆ, ಅಷ್ಟೇ ವ್ಯತ್ಯಾಸ.

ಅದು ನೆಲದಿಂದ ಹಾರಲಿಲ್ಲ. ವೈಟ್ ನೈಟ್ ಎಂಬ ವಿಮಾನ ಹೊಟ್ಟೆಯಡಿ ಹೊತ್ತು ಸುಮಾರು 14 ಕಿ.ಮೀ. ಮೇಲೆ ಬಿಟ್ಟಿತು, ಆಮೇಲೆ ರಾಕೆಟ್ ಹೊತ್ತಿತು. ಉರಿದದ್ದು ರಬ್ಬರ್, ಉರಿಸಿದ್ದು ನೈಟ್ರಸ್ ಆಕ್ಸೈಡ್. ಹೊತ್ತು ಒಯ್ದು ಬಿಡುವುದು ನಮಗೇನೂ ಹೊಸದಲ್ಲ: 2023ರ ಏಪ್ರಿಲ್ 2ರಂದು ಚಳ್ಳಕೆರೆ ಹತ್ತಿರ ಇಸ್ರೊ ತನ್ನ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್‌ನಿಂದ 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತ್ತು. ಅದು ತಾನೇ ದಾರಿ ನೋಡಿಕೊಂಡು ರನ್‌ವೇಗೆ ಇಳಿಯಿತು.

ನನಗೆ ಹಿಡಿಸಿದ್ದು ಹತ್ತಿದ್ದಲ್ಲ, ಇಳಿದ ಬಗೆ. ಮೇಲೆ ಹೋದ ಮೇಲೆ ರೆಕ್ಕೆಯ ಹಿಂಭಾಗ ಬಾಲದ ಸಮೇತ ಮೇಲಕ್ಕೆ ಮಡಚಿಕೊಳ್ಳುತ್ತದೆ. ಸುಮ್ನೆ ಮಹಡಿ ಹತ್ತಿ ಒಂದು ಶಟಲ್ ಕಾಕ್ ಎಸೆದು ನೋಡಿ. ಹೇಗೇ ಎಸೆಯಿರಿ, ತಿರುಗಿ ಬೆಂಡಿನ ತಲೆಯನ್ನೇ ಕೆಳಗೆ ಮಾಡಿಕೊಂಡು ನಿಧಾನ ಬೀಳುತ್ತದೆ. ಇಲ್ಲೂ ಅದೇ. ಪೈಲಟ್ ತಿದ್ದದಿದ್ದರೂ ವಾಹನ ತಾನೇ ಸರಿಯಾದ ಭಂಗಿಗೆ ಬರುತ್ತದೆ. ತೆಳು ಗಾಳಿಯಲ್ಲೇ ವೇಗ ಕಳೆದುಕೊಳ್ಳುವುದರಿಂದ ಜಾಸ್ತಿ ಬಿಸಿಯೂ ಆಗುವುದಿಲ್ಲ. ಕೆಳಗೆ ಬಂದ ಮೇಲೆ ರೆಕ್ಕೆ ನೇರ ಮಾಡಿಕೊಂಡು ಗ್ಲೈಡರ್ ತರ ಇಳಿಯುತ್ತದೆ.

ಈ ವಾಹನ ಅನ್ಸಾರಿ ಎಕ್ಸ್ ಪ್ರೈಜ್ ಎಂಬ ಸ್ಪರ್ಧೆಗೂ ಇಳಿಯಿತು, ಬಹುಮಾನ 1 ಕೋಟಿ ಡಾಲರ್. ಮೂರು ಜನರ ತೂಕ ಹೊತ್ತು, ಎರಡು ವಾರದೊಳಗೆ ಎರಡು ಸಲ, ಅದೇ ವಾಹನ 100 ಕಿ.ಮೀ. ದಾಟಬೇಕು. ಅದೇ ವರ್ಷ ಸೆಪ್ಟೆಂಬರ್ 29ಕ್ಕೆ ಮೆಲ್ವಿಲ್, ಅಕ್ಟೋಬರ್ 4ಕ್ಕೆ ಬ್ರಯಾನ್ ಬಿನ್ನಿ ಹಾರಿ ಗೆದ್ದರು. 1957ರಲ್ಲಿ ಸ್ಪುಟ್ನಿಕ್ ಹಾರಿದ್ದೂ ಅಕ್ಟೋಬರ್ 4ರಂದೇ, ನೆನಪಿಟ್ಟುಕೊಳ್ಳೋಕೆ ಸುಲಭ ಅಲ್ವಾ? ಆಲೆನ್ ಸುರಿದದ್ದು ಬಹುಮಾನದ ದುಪ್ಪಟ್ಟಿಗೂ ಜಾಸ್ತಿ.

ಒಂದು ತಪ್ಪು ಎಲ್ಲರೂ ಮಾಡುತ್ತೇವೆ: ಇದು ಕಕ್ಷೆಗೆ, ಅಂದರೆ ಭೂಮಿಯನ್ನು ಸುತ್ತುವ ದಾರಿಗೆ, ಹೋಯಿತು ಅಂದುಕೊಳ್ಳುತ್ತೇವೆ. ಹೋಗಲಿಲ್ಲ. ಇದರ ವೇಗ ಸೆಕೆಂಡಿಗೆ ಸುಮಾರು 1 ಕಿ.ಮೀ. ಕಕ್ಷೆಗೆ 7.8 ಬೇಕು. ಆ ವೇಗದಲ್ಲಿ ದುರ್ಗದಿಂದ ದಾವಣಗೆರೆಗೆ ಎಂಟೇ ಸೆಕೆಂಡು! ಶಕ್ತಿ ವೇಗದ ವರ್ಗದಂತೆ ಏರುವುದರಿಂದ ಸುಮಾರು 60 ಪಟ್ಟು ಬೇಕಾಗುತ್ತದೆ. 2020ರ ಮೇ 30ರಂದು ಸ್ಪೇಸ್‌ಎಕ್ಸ್ ಕಂಪನಿಯ ಕ್ರೂ ಡ್ರ್ಯಾಗನ್ ಮನುಷ್ಯರನ್ನು ಕಕ್ಷೆಗೆ ಒಯ್ದಿತು. ಆದರೆ ಅದರಲ್ಲಿ ನಾಸಾ ದುಡ್ಡೂ ಇತ್ತು. ಹಾಗಾಗಿ ಮೇಲಿನ ಪ್ರಶ್ನೆಗೆ ಅದನ್ನು ಬರೆಯಬೇಡಿ.