ಮೊಟ್ಟೆ ಟ್ರೇ ಬೇಡ, ಕೌದಿ ತನ್ನಿ

ಕಥೆ ಓದಿ ಯೂಟ್ಯೂಬಿಗೆ ಹಾಕುವ ಹುಮ್ಮಸ್ಸಿನಲ್ಲಿ ಅಕ್ಕನ ಮಗ ಕೋಣೆಯ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ. "ಮಾಮ, ಇನ್ನು ಹೊರಗಿನ ಸದ್ದೇ ಬರಲ್ಲ" ಅಂದ. ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿತು. ರೆಕಾರ್ಡಿಂಗಿನಲ್ಲಿ ಕುಕ್ಕರೂ ಇತ್ತು, ಬಾವಿಯೊಳಗಿಂದ ಬಂದಂಥ ಅವನ ದನಿಯೂ ಇತ್ತು.

ಈ ಟ್ರೇ ನಂಬಿಕೆ ಬಾಗಿಲಿಗೆ ಕಟ್ಟುವ ನಿಂಬೆಹಣ್ಣು-ಮೆಣಸಿನಕಾಯಿಯ ತಮ್ಮ. ಹೊರಗಿನ ಸದ್ದು ತಡೆಯಲು ಗೋಡೆಗೆ ಭಾರ ಇರಬೇಕು, ಸಂದಿಗಳು ಮುಚ್ಚಿರಬೇಕು. ಒಳಗಿನ ಮಾರ್ದನಿ ಅಡಗಲು ದಪ್ಪನೆಯ ನಾರು ಬೇಕು. ತೆಳ್ಳನೆ ರಟ್ಟಿನಲ್ಲಿ ಎರಡೂ ಇಲ್ಲ. ಬೆಂಕಿ ತಗುಲಿದರೆ ಮಾತ್ರ ಚೆನ್ನಾಗಿ ಉರಿಯುತ್ತದೆ.

1895ರಲ್ಲಿ ಹಾರ್ವರ್ಡಿನ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆಡಿದ ಪದ ಸುಮಾರು 5.5 ಸೆಕೆಂಡು ಅಲ್ಲೇ ಸುಳಿದಾಡುತ್ತಿತ್ತು. ಸರಿಪಡಿಸುವ ಕೆಲಸ ವ್ಯಾಲೇಸ್ ಸಬೈನ್ ಎಂಬ ಎಳೆಯ ಅಧ್ಯಾಪಕನ ಹೆಗಲೇರಿತು. ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಯ ಮೆತ್ತೆಗಳನ್ನು ಹೊತ್ತು ತರುವುದು, ಆರ್ಗನ್ ಕೊಳವೆ ಊದಿಸಿ ಸದ್ದು ಸಾಯುವ ಹೊತ್ತನ್ನು ಅಳೆಯುವುದು, ಬೆಳಗಾಗುವುದರೊಳಗೆ ಮೆತ್ತೆ ವಾಪಸ್! ಹೀಗೆ ಹುಟ್ಟಿದ ಲೆಕ್ಕ: ಕೋಣೆಯ ಘನ ಮೀಟರನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ (ಪ್ರತಿ ಮೇಲ್ಮೈಯ ಚದರ ಮೀಟರನ್ನು ಅದು ಸದ್ದು ನುಂಗುವ ಪಾಲಿನಿಂದ ಗುಣಿಸಿ ಕೂಡಿದ್ದು) ಭಾಗಿಸಿ, ಮಾರ್ದನಿ ಸಾಯುವ ಸೆಕೆಂಡು ಸಿಗುತ್ತದೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಎದ್ದದ್ದು ಇದೇ ಲೆಕ್ಕದ ಮೇಲೆ.

10×12 ಅಡಿಯ, 10 ಅಡಿ ಎತ್ತರದ ಖಾಲಿ ಕೋಣೆ 34 ಘನ ಮೀಟರ್. ಬರೀ ಗಾರೆ, ಟೈಲ್ಸ್ ಇದ್ದರೆ ಹೀರಿಕೆ ಸುಮಾರು 2 ಚದರ ಮೀಟರ್, ಮಾರ್ದನಿ 2.7 ಸೆಕೆಂಡು. ಕೌದಿ, ಗಾದಿಗಳಿಂದ ಇನ್ನೂ 10 ಚದರ ಮೀಟರ್ ಹೀರಿಕೆ ಸೇರಿಸಿ, ಅರ್ಧ ಸೆಕೆಂಡಿಗಿಂತ ಕೆಳಗಿಳಿಯುತ್ತದೆ.

ಈಗ ನನಗೆ ಪ್ರಿಯವಾದ ಸಂಗತಿ. ಕೌದಿಯನ್ನು ಗೋಡೆಗೆ ಒತ್ತಿ ಹೊಡೆಯಬೇಡಿ, ಒಂದು ಗೇಣು ಮುಂದಕ್ಕೆ ಇಳಿಬಿಡಿ. ನಾರು ಸದ್ದನ್ನು ನುಂಗುವುದು ಗಾಳಿಯ ಕಣಗಳು ಅದರೊಳಗೆ ಹಿಂದೆ ಮುಂದೆ ಉಜ್ಜಾಡಿ ಬಿಸಿಯಾದಾಗ. ಗೋಡೆಯ ಮೈಯಲ್ಲಿ ಗಾಳಿಗೆ ಆಡಲು ಜಾಗವೇ ಇಲ್ಲ. ಕೊಕ್ಕೆಗೆ ಕಟ್ಟಿದ ಹಗ್ಗವನ್ನು ಅಲುಗಿಸಿ ನೋಡಿ: ಗಂಟಿನ ಬಳಿ ಹಗ್ಗ ಮಿಸುಕದು, ನಾಲ್ಕು ಮಾರು ಈಚೆ ಕುಣಿಯುತ್ತದೆ. ತುಂಬಿದ ಬಸ್ಸಿನಲ್ಲಿ ಹಿಂದಿನ ಗೋಡೆಗೆ ಒತ್ತಿಕೊಂಡವನೂ ಅಷ್ಟೇ, ಒತ್ತಡವೆಲ್ಲ ಅವನಿಗೆ, ಚಲನೆ ಇಲ್ಲ. ಗಾಳಿಯ ಕುಣಿತ ಜೋರಾಗುವುದು ಗೋಡೆಯಿಂದ ಸದ್ದಿನ ಒಂದು ಅಲೆಯ ಉದ್ದದ ಕಾಲು ಭಾಗ ದೂರದಲ್ಲಿ. 400 ಹರ್ಟ್ಸ್ (ಸೆಕೆಂಡಿಗೆ 400 ಕಂಪನ) ಸದ್ದಿನ ಅಲೆಯ ಉದ್ದ ಸುಮಾರು 85 ಸೆಂಟಿಮೀಟರ್. ಅದರ ಕಾಲು ಭಾಗ ಸರಿಸುಮಾರು ಗೇಣು! ಗಂಡುದನಿಯ ತಳದ 100 ಹರ್ಟ್ಸಿಗೆ ಮಾತ್ರ ಕಾಲು ಭಾಗವೇ 85 ಸೆಂಟಿಮೀಟರ್, ಅದಕ್ಕೆ ಮೂಲೆಯಲ್ಲಿ ಹತ್ತಿಯ ಗಾದಿ ಮಡಚಿ ನಿಲ್ಲಿಸಿ.

ಅಕ್ಕನ ಮಗ ಟ್ರೇ ಕಿತ್ತ, ಪೇಂಟೂ ಎದ್ದುಬಂತು. ಅಜ್ಜಿಯ ಹಳೇ ಸೀರೆಗಳ ಎರಡು ಕೌದಿ ಅವನ ಬೆನ್ನ ಹಿಂದೆ ನೇತುಬಿದ್ದವು, ಏಕೆಂದರೆ ಮೈಕು ನೋಡುವುದು ಆ ಕಡೆಗೇ. ಚಪ್ಪಾಳೆ ತಟ್ಟಿದೆವು. ಮೊದಲಿದ್ದ 'ಟ್ರ್‌ರ್' ಎಂಬ ಬಾಲ ಇರಲಿಲ್ಲ. ಕುಕ್ಕರ್ ಇನ್ನೂ ಕೂಗುತ್ತದೆ. ಅವನೀಗ ರಾತ್ರಿ ಹನ್ನೊಂದರ ಮೇಲೆ ರೆಕಾರ್ಡ್ ಮಾಡುತ್ತಾನೆ, ಸಬೈನನ ಹಾಗೆ.