ಟ್ರಂಪ್‌ಗೆ ‘ಇಲ್ಲ’ ಎಂದ ರಾಫೆನ್ಸ್‌ಪರ್ಗರ್ ನಿಜಕ್ಕೂ ಕನ್ಸರ್ವೇಟಿವಾ?

ಪ್ರಶ್ನೆ: 2020ರ ಚುನಾವಣೆಯ ನಂತರ ಟ್ರಂಪ್ ಖುದ್ದು ಫೋನ್ ಮಾಡಿ ಕೇಳಿದರೂ ಅಮೆರಿಕದ ಜಾರ್ಜಿಯಾ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಆಗಿದ್ದ ಬ್ರ್ಯಾಡ್ ರಾಫೆನ್ಸ್‌ಪರ್ಗರ್ ತಮ್ಮ ರಾಜ್ಯದ ಫಲಿತಾಂಶ ಬದಲಿಸಲಿಲ್ಲ. ಅವರೂ ರಿಪಬ್ಲಿಕನ್ ಪಕ್ಷದವರೇ. ಹಾಗಾದರೆ ಅವರು ಹೆಸರಿಗಷ್ಟೇ ಕನ್ಸರ್ವೇಟಿವಾ? ಒಳಗೊಳಗೇ ಡೆಮಾಕ್ರಟರ ಕಡೆಯವರಾ?

ಉತ್ತರ: ಖಂಡಿತ ಅಲ್ಲ. ರಾಫೆನ್ಸ್‌ಪರ್ಗರ್ ಅಪ್ಪಟ ರಿಪಬ್ಲಿಕನ್. ಆ ಚುನಾವಣೆಯಲ್ಲಿ ತಾವೂ ಮನೆಯವರೂ ಟ್ರಂಪ್‌ಗೇ ಮತ ಹಾಕಿದ್ದೆವು, ದೇಣಿಗೆಯನ್ನೂ ಕೊಟ್ಟಿದ್ದೆವು ಎಂದು ಅವರೇ ಬರೆದಿದ್ದಾರೆ. ಒಂದು ಫೋನ್ ಕರೆಯಿಂದ ಜಗತ್ತಿಗೆಲ್ಲ ಪರಿಚಿತರಾದ್ದರಿಂದ ಅವರ ಉಳಿದ ಕೆಲಸ ಮರೆಗೆ ಸರಿದಿದೆ. ಅದನ್ನು ನೋಡಿದರೆ ಈ ಅನುಮಾನಕ್ಕೆ ಎಡೆಯೇ ಇರುವುದಿಲ್ಲ.

ಮೊದಲು ಅವರ ಹುದ್ದೆಯ ಮಾತು. ‘ಸೆಕ್ರೆಟರಿ ಆಫ್ ಸ್ಟೇಟ್’ ಎಂದ ಕೂಡಲೇ ನಮಗೆ ನೆನಪಾಗುವುದು ಅಮೆರಿಕದ ವಿದೇಶಾಂಗ ಸಚಿವರು. ರಾಜ್ಯಗಳಲ್ಲೂ ಅದೇ ಹೆಸರಿನ ಹುದ್ದೆ ಇದೆ, ಕೆಲಸ ಮಾತ್ರ ಬೇರೆ. ಜಾರ್ಜಿಯಾದಲ್ಲಿ ಕಂಪನಿಗಳ ನೋಂದಣಿ, ವೃತ್ತಿ ಪರವಾನಗಿಗಳ ಜೊತೆಗೆ ಇಡೀ ರಾಜ್ಯದ ಚುನಾವಣೆಯ ಉಸ್ತುವಾರಿಯೂ ಈ ಕಚೇರಿಯದು. ನಮ್ಮ ಕರ್ನಾಟಕದಲ್ಲಿ ಮುಖ್ಯ ಚುನಾವಣಾಧಿಕಾರಿ ಒಬ್ಬ ಐಎಎಸ್ ಅಧಿಕಾರಿ, ಅವರ ಮೇಲೆ ಚುನಾವಣಾ ಆಯೋಗವಿದೆ. ಜಾರ್ಜಿಯಾದಲ್ಲಿ ಹಾಗಿಲ್ಲ. ಚುನಾವಣೆ ನಡೆಸುವವರೇ ಪಕ್ಷದ ಟಿಕೆಟ್ ಪಡೆದು, ಪ್ರಚಾರ ಮಾಡಿ, ಚುನಾವಣೆ ಗೆದ್ದು ಬರಬೇಕು. ‘ನಮ್ಮವನು, ನಮಗೆ ಸಹಾಯ ಮಾಡಬೇಕು’ ಎಂಬ ನಿರೀಕ್ಷೆ ಹುಟ್ಟುವುದೇ ಇಲ್ಲಿಂದ. ನನ್ನ ಮಟ್ಟಿಗೆ ಇದು ಆ ವ್ಯವಸ್ಥೆಯಲ್ಲಿರುವ ದೊಡ್ಡ ದೋಷ. ಈ ವಿಷಯದಲ್ಲಿ ನಮ್ಮ ಸಂವಿಧಾನದ 324ನೇ ವಿಧಿ ಹೆಚ್ಚು ವಿವೇಕದ್ದು.

ರಾಫೆನ್ಸ್‌ಪರ್ಗರ್ ಹುಟ್ಟಿದ್ದು 1955ರಲ್ಲಿ. ಓದಿದ್ದು ಸಿವಿಲ್ ಇಂಜಿನಿಯರಿಂಗ್, ಕಟ್ಟಿದ್ದು ಕಾಂಕ್ರೀಟಿನ ಒಳಗೆ ಉಕ್ಕಿನ ಕೇಬಲ್ ಬಿಗಿಯುವ ಪೋಸ್ಟ್ ಟೆನ್ಶನಿಂಗ್ ಕೆಲಸದ ಕಂಪನಿ. ರಾಜಕೀಯ ಶುರುವಾದದ್ದು ಅಟ್ಲಾಂಟಾದ ಉತ್ತರಕ್ಕಿರುವ ಜಾನ್ಸ್ ಕ್ರೀಕ್ ನಗರಸಭೆಯಲ್ಲಿ. ಭಾರತೀಯ ಮೂಲದ ಕುಟುಂಬಗಳು ಬಹಳಷ್ಟಿರುವ ಊರದು, ಕನ್ನಡದ ಮನೆಗಳೂ ಇವೆ. 2015ರಿಂದ ನಾಲ್ಕು ವರ್ಷ ರಾಜ್ಯದ ಶಾಸಕರಾಗಿದ್ದರು. 2018ರಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆಗೆ ನಿಂತಾಗ ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಡಿಸೆಂಬರ್‌ನಲ್ಲಿ ನಡೆದ ಎರಡನೇ ಸುತ್ತಿನಲ್ಲಿ ಡೆಮಾಕ್ರಟಿಕ್ ಪಕ್ಷದ ಜಾನ್ ಬ್ಯಾರೋ ಅವರನ್ನು ಸೋಲಿಸಿದರು. ಆಗ ಇವರಿಗೆ ಮತ ಹಾಕಿ ಎಂದು ಟ್ವೀಟ್ ಮಾಡಿದವರು ಇದೇ ಟ್ರಂಪ್.

ಅಧಿಕಾರಕ್ಕೆ ಬಂದ ವರ್ಷದ ಕೊನೆಯಲ್ಲೇ, ಅಂದರೆ 2019ರ ಡಿಸೆಂಬರ್‌ನಲ್ಲಿ, ಅವರ ಕಚೇರಿ ಮತದಾರರ ಪಟ್ಟಿಯಿಂದ ಸುಮಾರು 3 ಲಕ್ಷ ಹೆಸರು ತೆಗೆಯಿತು. ಊರು ಬಿಟ್ಟವರ ಜೊತೆಗೆ, ಬಹಳ ವರ್ಷಗಳಿಂದ ಮತ ಹಾಕದವರ ಹೆಸರುಗಳೂ ಅದರಲ್ಲಿದ್ದವು. ಡೆಮಾಕ್ರಟಿಕ್ ನಾಯಕಿ ಸ್ಟೇಸಿ ಅಬ್ರಾಮ್ಸ್ ಕಟ್ಟಿದ ಸಂಘಟನೆ ಕೋರ್ಟಿಗೆ ಹೋಯಿತು. ವಿವಾದದ ನಡುವೆಯೇ ಕಚೇರಿ ಸುಮಾರು 22,000 ಹೆಸರುಗಳನ್ನು ಮರಳಿ ಸೇರಿಸಬೇಕಾಯಿತು. ಪಟ್ಟಿ ಚೊಕ್ಕಟವಾಗಿರಬೇಕು ಎನ್ನುವುದು ಸರಿಯೇ. ಆದರೆ ಮತ ಹಾಕಲಿಲ್ಲ ಎಂಬ ಒಂದೇ ಕಾರಣಕ್ಕೆ ಮತದ ಹಕ್ಕನ್ನು ಅಳಿಸುವುದನ್ನು ನಾನು ಒಪ್ಪಲಾರೆ. ಮರುವರ್ಷ ಕೋವಿಡ್ ಬಂದಾಗ, 69 ಲಕ್ಷ ಮತದಾರರಿಗೆ ಅಂಚೆ ಮತದ ಅರ್ಜಿಯನ್ನು ಮನೆಗೇ ಕಳಿಸಿದವರೂ ಇವರೇ. ಅದಕ್ಕೆ ಸ್ವಪಕ್ಷದವರಿಂದಲೇ ಬೈಸಿಕೊಂಡರು.

ಇನ್ನು ಆ ಚುನಾವಣೆ. ಸುಮಾರು 50 ಲಕ್ಷ ಮತಗಳಲ್ಲಿ ಬೈಡನ್ ಮುಂದಿದ್ದದ್ದು ಕೂದಲೆಳೆಯಷ್ಟು. 1992ರ ನಂತರ ಡೆಮಾಕ್ರಟರಿಗೆ ಒಲಿಯದಿದ್ದ ರಾಜ್ಯವದು. ನವೆಂಬರ್ 9ರಂದು ರಾಜ್ಯದ ಇಬ್ಬರೂ ರಿಪಬ್ಲಿಕನ್ ಸೆನೆಟರುಗಳು ರಾಫೆನ್ಸ್‌ಪರ್ಗರ್ ರಾಜೀನಾಮೆ ಕೇಳಿದರು. ಅವರು ರಾಜೀನಾಮೆ ಕೊಡಲಿಲ್ಲ, ಮತ್ತೆ ಎಣಿಸಲು ಹೊರಟರು. ರಾಜ್ಯದ 159 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಂಥವು) ಅಧ್ಯಕ್ಷ ಸ್ಥಾನದ ಪ್ರತಿಯೊಂದು ಮತಪತ್ರವನ್ನು ಕೈಯಿಂದ ಎಣಿಸಿದರು. ಫ್ಲಾಯ್ಡ್ ಕೌಂಟಿಯಲ್ಲಿ ಎಣಿಕೆಗೆ ಸೇರದೆ ಉಳಿದಿದ್ದ 2,600ರಷ್ಟು ಮತಪತ್ರಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಟ್ರಂಪ್‌ಗೇ ಬಿದ್ದಿದ್ದವು, ಅವನ್ನೂ ಲೆಕ್ಕಕ್ಕೆ ಸೇರಿಸಿದರು. ಆಮೇಲೆ ಟ್ರಂಪ್ ಪಾಳಯದ ಬೇಡಿಕೆಯಂತೆ ಯಂತ್ರದಲ್ಲಿ ಮರುಎಣಿಕೆಯಾಯಿತು. ಕೊನೆಗೆ ನಿಂತ ಅಂತರ 11,779.

2021ರ ಜನವರಿ 2ರ ಕರೆಯಲ್ಲಿ ಟ್ರಂಪ್ ತಮಗೆ ಬೇಕೆಂದು ಕೇಳಿದ 11,780 ಮತಗಳ ಸಂಖ್ಯೆ ಬಂದದ್ದು ಇಲ್ಲಿಂದ, ಅಂತರಕ್ಕಿಂತ ಒಂದು ಹೆಚ್ಚು. ಸುಮಾರು ಒಂದು ಗಂಟೆಯ ಮಾತುಕತೆ. ‘ಅಧ್ಯಕ್ಷರೇ, ನಿಮ್ಮಲ್ಲಿರುವ ಅಂಕಿಅಂಶವೇ ತಪ್ಪು’ ಎಂಬರ್ಥದ ಉತ್ತರವನ್ನು ರಾಫೆನ್ಸ್‌ಪರ್ಗರ್ ದನಿ ಏರಿಸದೆ ಕೊಟ್ಟರು. ಆರೋಪಗಳನ್ನು ಅವರ ಕಚೇರಿ ಒಂದೊಂದಾಗಿ ಪರಿಶೀಲಿಸಿತ್ತು. 18 ತುಂಬದ 66,000 ಮಂದಿ ನೋಂದಾಯಿಸಿಕೊಂಡಿದ್ದರು ಎಂಬ ಆರೋಪದಲ್ಲಿ ಸಿಕ್ಕಿದ್ದು ಸೊನ್ನೆ. ನೋಂದಣಿಯೇ ಇಲ್ಲದ 2,423 ಮಂದಿ ಮತ ಹಾಕಿದರು ಎಂಬುದರಲ್ಲೂ ಸೊನ್ನೆ. ಸತ್ತವರ ಹೆಸರಲ್ಲಿ ಬಿದ್ದವು ಎನ್ನಲಾದ 10,315 ಮತಗಳಲ್ಲಿ ಕೊನೆಗೆ ಖಚಿತವಾದದ್ದು ನಾಲ್ಕು.

ಹಾಗಾದರೆ ಟ್ರಂಪ್ ಸೋತದ್ದೇಕೆ? 2022ರ ಜೂನ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ ಅವರು ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ಉಳಿದಿದೆ. ಸುಮಾರು 28,000 ಮಂದಿ ಅಧ್ಯಕ್ಷ ಸ್ಥಾನದ ಕಾಲಂ ಖಾಲಿ ಬಿಟ್ಟು, ಉಳಿದ ಸ್ಥಾನಗಳಿಗೆ ಮತ ಹಾಕಿದ್ದರು. ರಾಜ್ಯದ ರಿಪಬ್ಲಿಕನ್ ಸಂಸದ ಅಭ್ಯರ್ಥಿಗಳಿಗೆ ಒಟ್ಟಾಗಿ ಬಿದ್ದ ಮತ ಟ್ರಂಪ್‌ಗೆ ಬಿದ್ದದ್ದಕ್ಕಿಂತ 33,000 ಹೆಚ್ಚಿತ್ತು. ಪಕ್ಷವನ್ನು ಒಪ್ಪಿದ್ದ ಜನರಲ್ಲೇ ಕೆಲವರು ಅಭ್ಯರ್ಥಿಯನ್ನು ಒಪ್ಪಿರಲಿಲ್ಲ. ಒಬ್ಬ ಇಂಜಿನಿಯರ್ ಕುಸಿದ ಕಟ್ಟಡಕ್ಕೆ ಕಾರಣ ಹುಡುಕುವಂತೆ ಅವರು ಸೋಲಿಗೆ ಕಾರಣ ಹುಡುಕಿದ್ದರು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಟ್ರಂಪ್ ಅವರನ್ನು ‘ಜನರ ಶತ್ರು’ ಎಂದು ಕರೆದರು. ಪತ್ನಿಯ ಫೋನಿಗೆ ಅಸಹ್ಯದ, ಬೆದರಿಕೆಯ ಸಂದೇಶಗಳು ಬಂದವು. 2021ರ ಮಾರ್ಚ್‌ನಲ್ಲಿ ಬಂದ ಹೊಸ ಚುನಾವಣಾ ಕಾಯ್ದೆ ಅವರನ್ನು ರಾಜ್ಯ ಚುನಾವಣಾ ಮಂಡಳಿಯ ಅಧ್ಯಕ್ಷತೆಯಿಂದ ಇಳಿಸಿತು, ಅಲ್ಲಿ ಮತ ಹಾಕುವ ಅಧಿಕಾರವನ್ನೂ ಕಿತ್ತುಕೊಂಡಿತು.

ಕನ್ಸರ್ವೇಟಿವ್ ಹೌದೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುವುದು ಇದೇ ಕಾಯ್ದೆಯಲ್ಲಿ. ಅಂಚೆ ಮತಕ್ಕೆ ಗುರುತಿನ ಚೀಟಿಯ ಸಂಖ್ಯೆ ಕಡ್ಡಾಯ, ಮತಪತ್ರ ಹಾಕುವ ಡ್ರಾಪ್ ಬಾಕ್ಸ್‌ಗಳಿಗೆ ಮಿತಿ, ಸರದಿಯಲ್ಲಿ ನಿಂತವರಿಗೆ ಪ್ರಚಾರಕರು ನೀರು ಹಂಚುವುದಕ್ಕೂ ನಿರ್ಬಂಧ. ಕಪ್ಪು ಜನರ ಮತಕ್ಕೆ ಅಡ್ಡಿ ಎಂದು ಬೈಡನ್ ಸರ್ಕಾರದ ನ್ಯಾಯಾಂಗ ಇಲಾಖೆ ಇದರ ವಿರುದ್ಧ ದಾವೆ ಹೂಡಿತು. ತಮ್ಮ ಕುರ್ಚಿಯನ್ನು ಕಿತ್ತುಕೊಂಡ ಆ ಕಾಯ್ದೆಯನ್ನು ರಾಫೆನ್ಸ್‌ಪರ್ಗರ್ ಬಹಿರಂಗವಾಗಿ ಸಮರ್ಥಿಸಿಕೊಂಡರು. ಅಮೆರಿಕದ ಪೌರರಿಗೆ ಮಾತ್ರ ಮತದ ಹಕ್ಕು ಎಂದು ರಾಜ್ಯದ ಸಂವಿಧಾನದಲ್ಲೇ ಬರೆಯಬೇಕೆಂಬುದೂ ಅವರ ಒತ್ತಾಯ. ಅದೇ ಹೊತ್ತಿಗೆ ಪಟ್ಟಿಯನ್ನು ತಾವೇ ತಪಾಸಣೆ ಮಾಡಿಸಿ, 82 ಲಕ್ಷ ಹೆಸರುಗಳಲ್ಲಿ ಪೌರರಲ್ಲದವರು ಸಿಕ್ಕಿದ್ದು 20 ಮಂದಿ ಎಂದು 2024ರಲ್ಲಿ ಪ್ರಕಟಿಸಿದರು. ಕೇಳುವವರಿಗೆ ಹಿಡಿಸುತ್ತದೋ ಇಲ್ಲವೋ, ಎಣಿಸಿದಾಗ ಬಂದದ್ದನ್ನೇ ಹೇಳುವ ಈ ಅಭ್ಯಾಸಕ್ಕಾಗಿ ನನಗೆ ಅವರ ಮೇಲೆ ಗೌರವ, ಅವರ ನೀತಿಗಳಲ್ಲಿ ಹಲವನ್ನು ನಾನು ಒಪ್ಪದಿದ್ದರೂ.

ರಿಪಬ್ಲಿಕನ್ ಮತದಾರರೂ ಅವರನ್ನು ಕೈಬಿಡಲಿಲ್ಲ. 2022ರ ಮೇ ತಿಂಗಳ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಟ್ರಂಪ್ ಬೆಂಬಲಿಸಿದ್ದ ಸಂಸದ ಜೋಡಿ ಹೈಸ್ ಎದುರಿದ್ದರು. ರಾಫೆನ್ಸ್‌ಪರ್ಗರ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು, ಎರಡನೇ ಸುತ್ತಿಲ್ಲದೆ ಗೆದ್ದರು. ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಬೀ ನುಯೆನ್ ಅವರನ್ನೂ ಸೋಲಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಸ್ಥಾನಕ್ಕೆ (ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಸ್ಪರ್ಧೆ ಘೋಷಿಸಿದಾಗಲೂ ಅವರು ಟಿಕೆಟ್ ಕೇಳಿದ್ದು ರಿಪಬ್ಲಿಕನ್ ಪಕ್ಷದಿಂದಲೇ.